ಹುಬ್ಬಳ್ಳಿ ತಲುಪುವ ಮೊದಲಿನ ಗಂಟೆಗಳು

(ಒಬ್ಬರು ಸೇನೆಯ ವೈದ್ಯಕೀಯ ದಳದಲ್ಲಿ ಸರ್ಜನ್ ಆಗಿದ್ದು, ನಿವೃತ್ತಿಯ ನಂತರ ಶಿರಸಿ ಸೀಮೆಯ ತಮ್ಮ ಊರಿಗೆ ಮರಳಿದವರು. ಇನ್ನೊಬ್ಬರು ಎಂಬಿಬಿಎಸ್ ಮುಗಿಸಿ ಅದೇ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿರುವ ವೈದ್ಯೆ. ಅಡಿಕೆ ಕೊಯ್ಲು ನಡೆದಿದೆ, ಆಲೆಮನೆಗಳು ಇನ್ನೇನು ಶುರುವಾಗಬೇಕು.)

ಕಿರಿಯರು: ಸುಟ್ಟಗಾಯದವರು ಬಂದರೆ ನಾನು ಮಾಡುವುದು ಇಷ್ಟೇ ಸರ್. ಒಂದು ಇಂಜೆಕ್ಷನ್, ಒಂದು ಡ್ರಿಪ್, 108ಕ್ಕೆ ಫೋನ್. ನಮ್ಮಲ್ಲಿ ಬರ್ನ್ಸ್ ವಾರ್ಡ್ ಇಲ್ಲ, ಅರಿವಳಿಕೆ ತಜ್ಞರಿಲ್ಲ. ಹುಬ್ಬಳ್ಳಿಗೆ ಕಳಿಸುವುದು ಬಿಟ್ಟರೆ ಇನ್ನೇನು ಮಾಡಲಿ?

ಹಿರಿಯರು: ಕಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳಿಸಿದ್ದೇ ಚಿಕಿತ್ಸೆ ಅಂದುಕೊಳ್ಳಬೇಡ. ತೋಟದ ಮನೆಯಿಂದ ನಿನ್ನ ಬಾಗಿಲಿಗೆ ಬರುವುದಕ್ಕೆ ಒಂದು ಗಂಟೆ, ಗಾಡಿ ಸಿಗುವುದಕ್ಕೆ ಇನ್ನೊಂದು, ಅಲ್ಲಿಂದ ಹುಬ್ಬಳ್ಳಿಗೆ ಮೂರು. ಮಳೆಗಾಲವಾದರೆ ಲೆಕ್ಕವೇ ಇಲ್ಲ. ದೊಡ್ಡ ಸುಟ್ಟಗಾಯದಲ್ಲಿ ರಕ್ತನಾಳದಿಂದ ನೀರು ಅತಿ ವೇಗವಾಗಿ ಸೋರುವುದು ಮೊದಲ ಎಂಟು ಗಂಟೆಗಳಲ್ಲಿ. ಅದರಲ್ಲಿ ನಾಲ್ಕು ಗಂಟೆಯಾದರೂ ನಿನ್ನ ಕೈಯಲ್ಲಿ, ಇಲ್ಲವೇ ನೀನು ಹತ್ತಿಸಿ ಕಳಿಸಿದ ಆಂಬುಲೆನ್ಸಿನಲ್ಲಿ ಕಳೆಯುತ್ತದೆ. ಹುಬ್ಬಳ್ಳಿಯವರಿಗೆ ಸಿಗುವುದು ನೀನು ಉಳಿಸಿಕೊಟ್ಟ ಜೀವ.

ಕಿರಿಯರು: ಆದರೆ ಕೈಯಲ್ಲಿ ಏನಾದರೂ ಇರಬೇಕಲ್ಲ ಸರ್?

ಹಿರಿಯರು: ಸಿಯಾಚಿನ್‌ನಂಥ ಎತ್ತರದ ಠಾಣೆಗಳಲ್ಲಿ ಗುಂಡೇಟಿನಷ್ಟೇ ನಮ್ಮನ್ನು ಕಾಡಿದ್ದು ಸೀಮೆಎಣ್ಣೆ ಸ್ಟೌ ಮತ್ತು ಬುಖಾರಿ. ಟೆಂಟಿನೊಳಗೆ ಚಳಿ ಕಾಯಿಸುವ ಒಲೆಗೆ ಬುಖಾರಿ ಅನ್ನುತ್ತಾರೆ. ಹವೆ ಕೆಟ್ಟರೆ ಹೆಲಿಕಾಪ್ಟರ್ ಬರುವುದಿಲ್ಲ. ಡ್ರಿಪ್ ಬಾಟಲಿ ಹೆಪ್ಪುಗಟ್ಟದ ಹಾಗೆ ಕೋಟಿನೊಳಗೆ ಇಟ್ಟುಕೊಂಡು ಕಾಯಬೇಕು. ಅದಕ್ಕೆ ಹೋಲಿಸಿದರೆ ನಿನ್ನ ಹತ್ತಿರ ಬಹಳ ಇದೆ. ನಲ್ಲಿಯಲ್ಲಿ ನೀರಿದೆ, ಓಆರ್‌ಎಸ್ ಪೊಟ್ಟಣ ಇದೆ, ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್, ಇದೆ, ಕ್ಯಾತಿಟರ್ ಇದೆ. ಗೋಡೆಯ ಮೇಲೆ ಗಡಿಯಾರ ಇದೆ. ಮೊದಲ ದಿನದ ಚಿಕಿತ್ಸೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಆಗುತ್ತದೆ.

ಕಿರಿಯರು: ನೀರಿನಿಂದಲೇ ಶುರು ಮಾಡೋಣ ಹಾಗಾದರೆ. ಬರುವವರೆಲ್ಲ ಗಾಯಕ್ಕೆ ಏನಾದರೂ ಬಳಿದುಕೊಂಡೇ ಬರುತ್ತಾರೆ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಕೊಬ್ಬರಿ ಎಣ್ಣೆ, ದೋಸೆ ಹಿಟ್ಟು. ಒಬ್ಬ ಅಜ್ಜಿ ಮೊಮ್ಮಗನ ಕಾಲಿಗೆ ಕಾಫಿಪುಡಿ ಮೆತ್ತಿದ್ದರು.

ಹಿರಿಯರು: ಬೈಯಬೇಡ ಅಜ್ಜಿಯನ್ನು. ಮಗು ಕಿರುಚುತ್ತಿರುವಾಗ ಸುಮ್ಮನೆ ಕೂರಲಾಗದೆ ಕೈಗೆ ಸಿಕ್ಕಿದ್ದನ್ನು ಹಚ್ಚಿರುತ್ತಾರೆ. ವೈದ್ಯರೂ ಅದನ್ನೇ ಮಾಡಿದ್ದಾರೆ. 1925ರಿಂದ ಎರಡನೆಯ ಮಹಾಯುದ್ಧದವರೆಗೆ ಟ್ಯಾನಿಕ್ ಆಮ್ಲ ಬಳಿಯುವುದೇ ದೊಡ್ಡ ಆಸ್ಪತ್ರೆಗಳ ಪದ್ಧತಿಯಾಗಿತ್ತು. ನಮ್ಮ ಅಡಿಕೆ ತೊಗರಿನಲ್ಲಿ ನಾಲಿಗೆ ಹಿಡಿಯುವ ಒಗರು ಇದೆಯಲ್ಲ, ಅದೇ ಜಾತಿಯ ವಸ್ತು. ಗಾಯದ ಮೇಲೆ ಗಟ್ಟಿ ಪದರ ಕಟ್ಟುತ್ತಿತ್ತು. ಬೆರಳು ಸುಟ್ಟ ವಿಮಾನ ಚಾಲಕರ ಕೈಗಳು ಆ ಪದರದೊಳಗೆ ಬಿಗಿದು ಸೆಟೆದುಹೋದವು. ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮೆಕಿಂಡೋ ಎಂಬ ಸರ್ಜನ್ ಒಂದು ವ್ಯತ್ಯಾಸ ಗಮನಿಸಿದರು. ಸಮುದ್ರಕ್ಕೆ ಬಿದ್ದು ಬಂದವರ ಗಾಯ, ನೆಲಕ್ಕೆ ಬಿದ್ದವರದ್ದಕ್ಕಿಂತ ಚೆನ್ನಾಗಿ ಮಾಯುತ್ತಿತ್ತು. ಅವರು ಟ್ಯಾನಿಕ್ ಆಮ್ಲ ಬಿಟ್ಟರು, ಬೆಚ್ಚಗಿನ ಉಪ್ಪುನೀರಿನ ತೊಟ್ಟಿಗೆ ಬಂದರು.

ಕಿರಿಯರು: ಬಂದ ಮೇಲೂ ನೀರು ಹಾಕಿ ಪ್ರಯೋಜನ ಇದೆಯೇ?

ಹಿರಿಯರು: ಸುಟ್ಟು ಮೂರು ಗಂಟೆಯೊಳಗಾದರೆ ಇದೆ. ಹರಿಯುವ ತಣ್ಣೀರು, ಪೂರಾ 20 ನಿಮಿಷ. ಐಸ್ ಬೇಡ, ಅದು ರಕ್ತನಾಳವನ್ನು ಕುಗ್ಗಿಸಿ ಗಾಯವನ್ನು ಇನ್ನೂ ಆಳ ಮಾಡುತ್ತದೆ. ಉಂಗುರ, ಬಳೆ, ಕಾಲುಂಗುರ ಮೊದಲೇ ತೆಗೆಸು, ಊತ ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಮೈಗೆ ಅಂಟಿದ ಬಟ್ಟೆ ಎಳೆಯಬೇಡ, ಸುತ್ತ ಕತ್ತರಿಸಿ ಬಿಡು. ಆಲೆಮನೆಯ ಗಾಯಕ್ಕೆ ಇದನ್ನು ಒತ್ತಿ ಹೇಳುತ್ತೇನೆ. ಕೊಪ್ಪರಿಗೆಯ ಬೆಲ್ಲ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಅಂಟುತ್ತದೆ. ಜನ ಗಾಬರಿಯಲ್ಲಿ ಕಿತ್ತು ತೆಗೆಯುತ್ತಾರೆ, ಚರ್ಮವೂ ಜೊತೆಗೆ ಬರುತ್ತದೆ. ನೀರು ಹೊಯ್ಯುತ್ತಿದ್ದರೆ ಬೆಲ್ಲ ತಾನೇ ಕರಗುತ್ತದೆ. ಮಕ್ಕಳಿಗೆ ಮತ್ತು ದೊಡ್ಡ ಗಾಯದವರಿಗೆ ಒಂದು ಎಚ್ಚರ ಬೇಕು: ಸುಟ್ಟ ಜಾಗ ತಣ್ಣಗಾಗಲಿ, ಉಳಿದ ಮೈ ಬೆಚ್ಚಗಿರಲಿ. ಒದ್ದೆ ಬಟ್ಟೆ ಸುತ್ತಿ ಆಂಬುಲೆನ್ಸ್ ಹತ್ತಿಸಬಾರದು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮಗು ತಣ್ಣಗಾಗಿ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿರುತ್ತದೆ. ಕಂಬಳಿ ಹೊದೆಸು.

ಕಿರಿಯರು: ಇನ್ನು ಡ್ರಿಪ್. ಎಷ್ಟು ಡ್ರಿಪ್ ಕೊಡಬೇಕೆಂದು ಹೇಳುವ ಪಾರ್ಕ್‌ಲ್ಯಾಂಡ್ ಸೂತ್ರವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಇಲ್ಲಿ ಕೂತಾಗ ಕೈ ನಡುಗುತ್ತದೆ.

ಹಿರಿಯರು: ಸೂತ್ರಕ್ಕಿಂತ ಮೊದಲು ಕಾರಣ ಮನಸ್ಸಿನಲ್ಲಿರಲಿ. 1921ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ರಿಯಾಲ್ಟೋ ಎಂಬ ಚಿತ್ರಮಂದಿರಕ್ಕೆ ಬೆಂಕಿ ಬಿತ್ತು. ಅಲ್ಲಿ ಫ್ರಾಂಕ್ ಅಂಡರ್‌ಹಿಲ್ ಗಾಯಾಳುಗಳ ಬೊಬ್ಬೆಯ ನೀರನ್ನು ಪರೀಕ್ಷೆ ಮಾಡಿದರು. ಅದು ಬರಿ ನೀರಲ್ಲ, ರಕ್ತದ ಪ್ಲಾಸ್ಮಾಕ್ಕೆ ಹತ್ತಿರದ್ದು. ಅಲ್ಲಿಯವರೆಗೆ ಸುಟ್ಟವರು ವಿಷವೇರಿ ಸಾಯುತ್ತಾರೆ ಎಂದು ನಂಬಿದ್ದರು. ಆಮೇಲೆ ಗೊತ್ತಾಯಿತು, ರಕ್ತನಾಳದೊಳಗಿನ ಉಪ್ಪುನೀರು ಸೋರಿ, ರಕ್ತ ಮಂದವಾಗಿ, ಮೂತ್ರಪಿಂಡ ನಿಂತು ಸಾಯುತ್ತಾರೆ ಎಂದು. ಗಾಯ ಕಣ್ಣಿಗೆ ಕಾಣುತ್ತದೆ, ಸೋರಿಕೆ ಕಾಣುವುದಿಲ್ಲ. ಅದಕ್ಕೇ ಎಲ್ಲರೂ ಗಾಯಕ್ಕೆ ಮುಲಾಮು ಹುಡುಕುತ್ತಾ ಕೂರುತ್ತಾರೆ.

ಕಿರಿಯರು: ಒಂದು ಲೆಕ್ಕ ಹಾಕಿ ತೋರಿಸಿ ಸರ್. 50 ಕಿಲೋ ತೂಕದ ಗಂಡಸು, ನೂರಕ್ಕೆ 30 ಭಾಗ ಸುಟ್ಟಿದೆ.

ಹಿರಿಯರು: ಆ 30 ಎಲ್ಲಿಂದ ಬಂತು ಅಂತ ಮೊದಲು ಕೇಳುತ್ತೇನೆ. ಒಂಬತ್ತರ ನಿಯಮ ನಿನಗೆ ಗೊತ್ತು: ತಲೆ 9, ಒಂದೊಂದು ಕೈ 9, ಒಂದೊಂದು ಕಾಲು 18, ಎದೆಹೊಟ್ಟೆ 18, ಬೆನ್ನು 18. ಕೂಸಿಗೆ ತಲೆಯೇ 18. ಚದುರಿದ ಗಾಯಕ್ಕೆ ರೋಗಿಯ ಅಂಗೈ, ಬೆರಳು ಸೇರಿಸಿ, ಹತ್ತಿರಹತ್ತಿರ 1. ಬರಿ ಕೆಂಪಗಾದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅಲ್ಲಿ ಎಲ್ಲರೂ ಹೆಚ್ಚು ಬರೆಯುತ್ತಾರೆ. ಈಗ ಪಾರ್ಕ್‌ಲ್ಯಾಂಡ್ ಪ್ರಕಾರ ನಿನ್ನ ಮನುಷ್ಯನಿಗೆ 4 ಮಿಲಿ, ಗುಣಿಸು 50, ಗುಣಿಸು 30. ಆರು ಲೀಟರ್ ಆರ್‌ಎಲ್, 24 ಗಂಟೆಗೆ. ಅರ್ಧ ಮೊದಲ ಎಂಟು ಗಂಟೆಯಲ್ಲಿ. ಆ ಎಂಟು ಗಂಟೆ ಶುರುವಾಗುವುದು ಸುಟ್ಟ ಹೊತ್ತಿನಿಂದ, ನಿನ್ನ ಹತ್ತಿರ ಬಂದ ಹೊತ್ತಿನಿಂದ ಅಲ್ಲ. ಎರಡು ಗಂಟೆ ತಡವಾಗಿ ಬಂದಿದ್ದರೆ ಮೂರು ಲೀಟರ್ ಆರು ಗಂಟೆಗೆ, ಅಂದರೆ ಗಂಟೆಗೆ 500 ಮಿಲಿ.

ಕಿರಿಯರು: ಅಷ್ಟು ಸುರಿದರೆ ಶ್ವಾಸಕೋಶಕ್ಕೆ ನೀರು ತುಂಬುವುದಿಲ್ಲವೇ?

ಹಿರಿಯರು: ಆ ಭಯ ಸುಳ್ಳಲ್ಲ. ಈಗ ದೊಡ್ಡವರಿಗೆ ನಾಲ್ಕರ ಬದಲು ಎರಡು ಮಿಲಿಯಿಂದ ಶುರು ಮಾಡುವ ಪಾಠವೂ ಇದೆ. ಯುದ್ಧಭೂಮಿಗೆಂದು ಅಮೆರಿಕದ ಸೇನಾ ವೈದ್ಯರು ಇನ್ನೂ ಸರಳ ಮಾಡಿದರು. 40ರಿಂದ 80 ಕಿಲೋದ ದೊಡ್ಡವರಿಗೆ ಸುಟ್ಟ ಶೇಕಡಾವನ್ನು ಹತ್ತರಿಂದ ಗುಣಿಸಿದರೆ ಗಂಟೆಗೆ ಎಷ್ಟು ಮಿಲಿ ಎಂದು ಸಿಗುತ್ತದೆ. ನಿನ್ನ ಮನುಷ್ಯನಿಗೆ 300. ಮಾಮೂಲಿ ಡ್ರಿಪ್ ಸೆಟ್‌ನಲ್ಲಿ ಮಿಲಿಗೆ 20 ಹನಿ ಅಂದರೆ ನಿಮಿಷಕ್ಕೆ 100 ಹನಿ. ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದೆ, ಇದನ್ನು ತಲೆಯಲ್ಲೇ ಮಾಡಬಹುದು. ಮಕ್ಕಳಿಗೆ ಮಾತ್ರ ಈ ಲೆಕ್ಕ ಬೇಡ, ತೂಕ ನೋಡಿಯೇ ಕೊಡಬೇಕು.

ಕಿರಿಯರು: ಒಂದು ಸೂತ್ರ 500 ಅನ್ನುತ್ತದೆ, ಇನ್ನೊಂದು 300. ಯಾವುದನ್ನು ನಂಬಲಿ?

ಹಿರಿಯರು: ಎರಡೂ ಬರಿ ಆರಂಭ. ನಂಬಬೇಕಾದದ್ದು ಮೂತ್ರವನ್ನು. ದೊಡ್ಡವರಿಗೆ ಗಂಟೆಗೆ 30ರಿಂದ 50 ಮಿಲಿ, ಮಕ್ಕಳಿಗೆ ಕಿಲೋಗೆ ಒಂದು ಮಿಲಿ. ಕಡಿಮೆಯಾದರೆ ಹನಿ ಜೋರು ಮಾಡು, ಹೆಚ್ಚಾದರೆ ಇಳಿಸು. ಇಳಿಸುವುದನ್ನು ಮರೆಯುವವರೇ ಹೆಚ್ಚು. ಯೂರೋಬ್ಯಾಗ್ ಮುಗಿದಿದ್ದರೆ ಖಾಲಿ ಡ್ರಿಪ್ ಬಾಟಲಿ ಕಟ್ಟು, ಅದರ ಮೇಲೆ ಅಳತೆಯ ಗೆರೆ ಇದ್ದೇ ಇರುತ್ತದೆ. ಲೈನ್‌ಮನ್‌ಗೆ ಕರೆಂಟು ಹೊಡೆದು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದಿದ್ದರೆ 75ರಿಂದ 100 ಬರುವವರೆಗೆ ಕೊಡು. ಅಲ್ಲಿ ಚರ್ಮದ ಗಾಯ ಸಣ್ಣದಿರುತ್ತದೆ, ಒಳಗೆ ಸ್ನಾಯು ಸತ್ತಿರುತ್ತದೆ.

ಕಿರಿಯರು: ನಮ್ಮ ಸ್ಟಾಕಿನಲ್ಲಿ ಕೆಲವು ಸಲ ನಾಲ್ಕೈದು ಬಾಟಲಿ ಆರ್‌ಎಲ್ ಇರುತ್ತದೆ ಅಷ್ಟೇ. ಇಬ್ಬರು ಬಂದರೆ ಮುಗಿಯಿತು.

ಹಿರಿಯರು: ಆಗ ಬಾಯಿ ಇದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನೋಬಿಸ್ ಹತ್ತಿರ ಡ್ರಿಪ್ ಮುಗಿಯುತ್ತಾ ಬಂದಿತ್ತು. ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಇಪ್ಪತ್ತು ಮೂವತ್ತು ಇದ್ದ ಸಾವು ನಾಲ್ಕರೊಳಗೆ ಇಳಿಯಿತು. ಅದು ಕಾಲರಾ ನಿಜ. ಆದರೆ ಕರುಳು ಉಪ್ಪು ಸಕ್ಕರೆಯ ಜೊತೆ ನೀರನ್ನು ಹೀರುವ ದಾರಿ ಸುಟ್ಟವರಲ್ಲೂ ತೆರೆದೇ ಇರುತ್ತದೆ.

ಕಿರಿಯರು: ದೊಡ್ಡ ಸುಟ್ಟಗಾಯಕ್ಕೆ ಬಾಯಿಗೆ ಏನೂ ಕೊಡಬಾರದು ಅಂತ ಕಲಿಸಿದ್ದಾರಲ್ಲ?

ಹಿರಿಯರು: ಆಪರೇಷನ್ ಥಿಯೇಟರ್ ಪಕ್ಕದಲ್ಲಿದ್ದವರು ಮಾಡಿದ ನಿಯಮ ಅದು. ಎಚ್ಚರ ಇದ್ದು, ವಾಂತಿ ಇಲ್ಲದೆ, ಉಸಿರಿನ ದಾರಿ ಸುಟ್ಟಿರದಿದ್ದರೆ, 20 ಶೇಕಡಾದೊಳಗಿನ ದೊಡ್ಡವರನ್ನು ಬಾಯಿಯಿಂದಲೇ ನಿಭಾಯಿಸಬಹುದು. 20ರಿಂದ 40ರವರೆಗೆ ಡ್ರಿಪ್ ಸಿಗದಿದ್ದಾಗ, ಅಥವಾ ಡ್ರಿಪ್ ಸಾಲದಿದ್ದಾಗ, ಬಾಯಿಯ ದಾರಿ ಜೀವ ಉಳಿಸುತ್ತದೆ. ನಿನ್ನ 300 ಮಿಲಿಯನ್ನು ಕಾಲು ಗಂಟೆಗೊಮ್ಮೆ 75 ಮಿಲಿ ಮಾಡು, ಸಣ್ಣ ಲೋಟದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ಕಡಿಮೆ. ಅಥವಾ ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿ ಹನಿಹನಿಯಾಗಿ ಬಿಡು. ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬರಿ ನೀರು ಮಾತ್ರ ಕುಡಿಸಬಾರದು. ಬಾಯಾರಿಕೆ ಭಯಂಕರ ಇರುತ್ತದೆ, ತಂಬಿಗೆಗಟ್ಟಲೆ ಕೇಳುತ್ತಾರೆ, ಮನೆಯವರು ಕರುಣೆಯಿಂದ ಕೊಡುತ್ತಾರೆ. ಸೋಡಿಯಂ ಇಳಿದು ಫಿಟ್ಸ್ ಬರುತ್ತದೆ.

ಕಿರಿಯರು: ಉಸಿರಿನ ದಾರಿ ಅಂದಿರಿ. ಅದೇ ನನಗೆ ಎಲ್ಲಕ್ಕಿಂತ ಹೆದರಿಕೆ.

ಹಿರಿಯರು: ಹೆದರಬೇಕಾದದ್ದೇ. ಮುಚ್ಚಿದ ಕೋಣೆಯಲ್ಲಿ ಬೆಂಕಿ, ಮೂಗಿನ ಕೂದಲು ಸುಟ್ಟಿದೆ, ಕಫದಲ್ಲಿ ಮಸಿ, ದನಿ ಒಡೆದಿದೆ. ಹೀಗಿದ್ದರೆ ಈಗ ಚೆನ್ನಾಗಿ ಮಾತಾಡುತ್ತಿದ್ದವನ ಗಂಟಲು ಕೆಲವೇ ಗಂಟೆಗಳಲ್ಲಿ ಊದಿ ಮುಚ್ಚಬಹುದು. ಕೂರಿಸು, ಆಕ್ಸಿಜನ್ ಹಾಕು. ಬೇರೆಲ್ಲ ರೋಗಿಗಳಿಗಿಂತ ಮೊದಲು, ಟ್ಯೂಬ್ ಹಾಕಬಲ್ಲ ಹತ್ತಿರದ ಆಸ್ಪತ್ರೆಗೆ ಕಳಿಸು. ಅದು ಹುಬ್ಬಳ್ಳಿಯೇ ಆಗಬೇಕಿಲ್ಲ, ಶಿರಸಿಯೂ ಆದೀತು. ಗಂಟಲಿಗೆ ಕೊಳವೆ ಹಾಕಿಸಿಕೊಂಡು ಮುಂದೆ ಹೋಗಲಿ. ಹಾಗೆಯೇ ಕೈಗೋ ಕಾಲಿಗೋ ಬಳೆ ತೊಡಿಸಿದಂತೆ ಸುತ್ತಲೂ ಆಳವಾಗಿ ಸುಟ್ಟು ಬೆರಳು ತಣ್ಣಗಾಗಿದ್ದರೆ, ಆ ಗಟ್ಟಿ ಚರ್ಮವನ್ನು ಉದ್ದಕ್ಕೆ ಸೀಳಬೇಕು. ಯಾರಾದರೂ ಜೊತೆಗೆ ನಿಂತು ಕಲಿಸದೆ ನೀನು ಮಾಡಬೇಡ. ಎತ್ತರಿಸಿ ಇಡು, ಫೋನ್ ಮಾಡಿ ಕೇಳು.

ಕಿರಿಯರು: ಗಾಯಕ್ಕೆ ಸಿಲ್ವರ್ ಸಲ್ಫಾಡಯಜಿನ್ ಮುಲಾಮು ಹಚ್ಚುತ್ತೇವೆ. ಅದೊಂದೇ ಡಬ್ಬಗಟ್ಟಲೆ ಇದೆ.

ಹಿರಿಯರು: ಕಳಿಸುವವರಿಗೆ ಹಚ್ಚಬೇಡ. ಬಿಳಿ ಪದರ ಕಟ್ಟಿದರೆ ಅಲ್ಲಿಯವರಿಗೆ ಗಾಯದ ಆಳ ಕಾಣುವುದಿಲ್ಲ, ನೋಯಿಸಿ ಒರೆಸಬೇಕಾಗುತ್ತದೆ. ತೊಳೆದು, ಅಡುಗೆಮನೆಯ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಶುದ್ಧ ಬಟ್ಟೆ ಹೊದೆಸಿದರೆ ಸಾಕು. ಸುತ್ತಿ ಬಿಗಿಯಬೇಡ, ಊತಕ್ಕೆ ಜಾಗ ಬೇಕು. ನಿನ್ನಲ್ಲೇ ಉಳಿಯುವ ಸಣ್ಣ ಗಾಯಕ್ಕೆ ನಮ್ಮ ಅಂಗಳದಲ್ಲೇ ಒಳ್ಳೆಯ ಸಾಮಗ್ರಿ ಇದೆ. ಬಾಳೆಲೆಯನ್ನು ಶುದ್ಧೀಕರಿಸಿ ಡ್ರೆಸಿಂಗ್ ಮಾಡಿದ ಮುಂಬೈ ವೈದ್ಯರು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಯಕ್ಕೆ ಅಂಟುವುದಿಲ್ಲ, ತೆಗೆಯುವಾಗ ನೋವಿಲ್ಲ, ಖರ್ಚಂತೂ ಇಲ್ಲವೇ ಇಲ್ಲ. ಅದಕ್ಕೂ ಮೊದಲು, 1985ರಲ್ಲಿ, ಅದೇ ಊರಿನ ಡಾ. ಕೇಸ್ವಾನಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಬಟ್ಟೆಗೆ ಅಂಟಿಸಿ ಬಳಸಿದ್ದರು. ಆಂಟಿಬಯಾಟಿಕ್ ಮೊದಲ ದಿನವೇ ಶುರು ಮಾಡುವ ಚಟ ಬಿಡು. ಧನುರ್ವಾಯುವಿನ ಇಂಜೆಕ್ಷನ್ ತಪ್ಪಿಸಬೇಡ.

ಕಿರಿಯರು: ನೋವಿಗೆ ಡೈಕ್ಲೋಫೆನಾಕ್ ಕುಂಡೆಗೆ ಕೊಡುತ್ತೇವೆ.

ಹಿರಿಯರು: ನೀರು ಸೋರಿ ಸೊರಗಿದ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು. ಶಾಕಿನಲ್ಲಿ ಇರುವವರಿಗೆ ಸ್ನಾಯುವಿಗೆ ಚುಚ್ಚಿದ್ದು ಅಲ್ಲೇ ಕೂತು, ರಕ್ತ ಹರಿಯತೊಡಗಿದಾಗ ಒಮ್ಮೆಲೇ ಏರುತ್ತದೆ. ರಕ್ತನಾಳಕ್ಕೇ ಕೊಡು, ಸ್ವಲ್ಪ ಸ್ವಲ್ಪ. ಮಾರ್ಫಿನ್ 2 ಮಿಲಿಗ್ರಾಂನಂತೆ, ನೋಡಿ ನೋಡಿ. ಅದಿಲ್ಲದಿದ್ದರೆ ಕೆಟಮಿನ್, ನಿನ್ನ 50 ಕಿಲೋದವನಿಗೆ 10ರಿಂದ 15 ಮಿಲಿಗ್ರಾಂ. ಅದನ್ನು ನಿಧಾನವಾಗಿ ಕೊಟ್ಟು ಪಕ್ಕದಲ್ಲೇ ಇರು. 2014ರಲ್ಲಿ ಮಾದಕ ವಸ್ತು ಕಾನೂನಿಗೆ ತಿದ್ದುಪಡಿ ಬಂದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿನಷ್ಟು ಕಷ್ಟವಿಲ್ಲ. ನಿನ್ನ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳು, ಪತ್ರ ಬರೆ, ಬೆನ್ನುಹತ್ತು. ಚರ್ಮ ಸುಟ್ಟವನನ್ನು ಮೂರು ಗಂಟೆ ಘಟ್ಟದ ರಸ್ತೆಯಲ್ಲಿ ನೋವಿನ ಔಷಧಿ ಇಲ್ಲದೆ ಕುಲುಕಿಸಿಕೊಂಡು ಹೋಗುವುದನ್ನು ನಾವು ಸಹಜ ಅಂದುಕೊಂಡುಬಿಟ್ಟಿದ್ದೇವೆ. ಅದು ಸಹಜ ಅಲ್ಲ.

ಕಿರಿಯರು: ಇನ್ನೊಂದು ಕೇಳಬೇಕಿತ್ತು. ಹೆಂಗಸರು ಬರುತ್ತಾರೆ ಸರ್. "ಸ್ಟೌ ಸಿಡಿಯಿತು" ಅಂತ ಗಂಡ ಹೇಳುತ್ತಾನೆ, ಅತ್ತೆ ಹೇಳುತ್ತಾರೆ. ಅವಳು ಏನೂ ಹೇಳುವುದಿಲ್ಲ. ಎಂಬತ್ತು ಶೇಕಡಾ ಸುಟ್ಟಿದ್ದರೂ ಕಣ್ಣು ಬಿಟ್ಟುಕೊಂಡು ನೋಡುತ್ತಾ ಇರುತ್ತಾಳೆ.

ಹಿರಿಯರು: ಹೌದು, ಅದೇ ಈ ಗಾಯದ ಕ್ರೌರ್ಯ. ಮೊದಲ ಕೆಲವು ಗಂಟೆ ಪ್ರಜ್ಞೆ ಸ್ಪಷ್ಟವಾಗಿರುತ್ತದೆ. ಮಾತಾಡುತ್ತಾಳಲ್ಲ, ಉಳಿಯುತ್ತಾಳೆ ಎಂದು ಮನೆಯವರು ನಂಬುತ್ತಾರೆ. ಅವಳಿಗೆ ಮಾತಾಡಲು ಇರುವುದು ಅಷ್ಟೇ ಹೊತ್ತು. ಎಲ್ಲರನ್ನೂ ಹೊರಗೆ ಕಳಿಸು, ಗಂಡನನ್ನು ಮೊದಲು. ಸಿಸ್ಟರ್ ಇರಲಿ, ನೀನಿರು. ಕೈಹಿಡಿದು ಕೇಳು, "ಏನಾಯ್ತು, ತಾಯಿ?" ಬಾಯಿಗೆ ಮಾತು ಕೊಡಬೇಡ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆ, ಹೊತ್ತು ಬರೆ, ಹೇಳಿಕೆ ಕೊಡುವ ಸ್ಥಿತಿಯಲ್ಲಿ ಇದ್ದಳು ಎಂದು ಬರೆ.

ಕಿರಿಯರು: ಮರಣ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೇ ಬರೆಯಬೇಕಲ್ಲವೇ?

ಹಿರಿಯರು: ಅವರು ಬಂದು ಬರೆದರೆ ಒಳ್ಳೆಯದು, ಹೇಳಿಕಳಿಸು. ಆದರೆ ಕಾನೂನು ಅವರೇ ಆಗಬೇಕು ಅನ್ನುವುದಿಲ್ಲ. ಸಮಯವಿಲ್ಲದಾಗ ವೈದ್ಯರು ಬರೆದದ್ದೂ ನಿಲ್ಲುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಹೇಳಿಕೆ ಆಗುವವರೆಗೆ ನೋವಿನ ಔಷಧಿ ಕೊಡಬಾರದು ಅಂತ. ಅದು ಅಮಾನುಷ. ಸಣ್ಣ ಪ್ರಮಾಣ ಕೊಡು, ಕೊಟ್ಟ ಹೊತ್ತು ಬರೆದಿಡು. ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣದ ವೈದ್ಯಕೀಯ ದಾಖಲೆ, ಬರೆಯುವವರೆಗೆ, ಪೊಲೀಸರು ಬರುವವರೆಗೆ ಮುಟ್ಟುವುದಿಲ್ಲ ಅನ್ನುವವರೂ ಇದ್ದಾರೆ. 1989ರಲ್ಲೇ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಜೀವ ಉಳಿಸುವುದು ಮೊದಲು, ಕಾಗದ ಆಮೇಲೆ. ಮೈಮೇಲಿನ ಸುಟ್ಟ ಬಟ್ಟೆ ಎಸೆಯಬೇಡ, ಅದು ಸಾಕ್ಷಿ.

ಕಿರಿಯರು: ಎಂಬತ್ತು ತೊಂಬತ್ತು ಶೇಕಡಾ ಇದ್ದವಳನ್ನು ಕಳಿಸಬೇಕೇ? ದಾರಿಯಲ್ಲೇ ಹೋದರೆ?

ಹಿರಿಯರು: ಒಬ್ಬಳೇ ಬಂದಿದ್ದರೆ ಕಳಿಸು, ಎಲ್ಲ ಪ್ರಯತ್ನ ಮಾಡು. ಒಮ್ಮೆಲೇ ಇಪ್ಪತ್ತು ಜನ ಬಂದರೆ ಪ್ರಶ್ನೆ ಬೇರೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ರಾಜಧಾನಿಯಲ್ಲೇ ಅಂಥ ದಿನ ಬರಬಹುದಾದರೆ ಜಾತ್ರೆಯ ಊರುಗಳಲ್ಲೂ ಬರಬಹುದು. ಆಗ ಇರುವ ಬಾಟಲಿಗಳು ಉಳಿಯಬಲ್ಲವರಿಗೆ ಹೋಗಬೇಕು. ಉಳಿಯಲಾರದವರಿಗೆ ನೋವು ಹೋಗುವಷ್ಟು ಔಷಧಿ, ಒದ್ದೆ ತುಟಿ, ಪಕ್ಕದಲ್ಲಿ ತಮ್ಮವರು ಒಬ್ಬರು. ಅದೂ ಚಿಕಿತ್ಸೆಯೇ. ಆ ತೀರ್ಮಾನ ನಿನ್ನದು, ಕಾಂಪೌಂಡರ್ ಮೇಲೆ ಹಾಕಬೇಡ.

ಕಿರಿಯರು: ಆಂಬುಲೆನ್ಸ್ ಹತ್ತಿಸುವಾಗ ಏನು ಕೊಟ್ಟು ಕಳಿಸಲಿ?

ಹಿರಿಯರು: ಒಂದು ಚೀಟಿ. ಎಷ್ಟು ಹೊತ್ತಿಗೆ ಸುಟ್ಟಿತು, ಎಷ್ಟು ಶೇಕಡಾ, ಎಷ್ಟು ಬಾಟಲಿ ಹೋಯಿತು, ಗಂಟೆಗಂಟೆಗೆ ಎಷ್ಟು ಮೂತ್ರ, ಯಾವ ಔಷಧಿ ಯಾವಾಗ. ಚೀಟಿ ಕಳೆದೀತೆಂದು ಗಾಯವಿಲ್ಲದ ಕೈಮೇಲೂ ಹೊತ್ತು ಬರೆದು ಕಳಿಸುತ್ತಿದ್ದೆವು ನಾವು. ಅಲ್ಲಿಯ ವೈದ್ಯರಿಗೆ ಫೋನ್ ಮಾಡು. ಗಾಡಿಯಲ್ಲಿ ಹನಿ ನಿಲ್ಲದಂತೆ ನೋಡಲು ಟೆಕ್ನೀಷಿಯನ್‌ಗೆ ಹೇಳು, ಓಆರ್‌ಎಸ್ ಬಾಟಲಿ ಮನೆಯವರ ಕೈಗೆ ಕೊಡು.

ಕಿರಿಯರು: ಅಲ್ಲಿಂದ ವಾಪಸ್ ಬಂದ ಮೇಲೆ ನಾನು ಅವರನ್ನು ನೋಡುವುದೇ ಇಲ್ಲ. ಸಂತೆಯಲ್ಲಿ ಎಲ್ಲೋ ಕಂಡಾಗ ಗದ್ದ ಎದೆಗೆ ಅಂಟಿರುತ್ತದೆ.

ಹಿರಿಯರು: ಅದು ನಿನ್ನ ಕೇಂದ್ರದಲ್ಲೇ ತಡೆಯಬಹುದಾದದ್ದು. ಕುತ್ತಿಗೆ ಸುಟ್ಟವರಿಗೆ ದಿಂಬು ಕೊಡಬಾರದು. ಕಂಕುಳು ಸುಟ್ಟರೆ ಕೈ ಅಗಲಿಸಿ ಮಲಗಬೇಕು. ಮೊಣಕೈ, ಮೊಣಕಾಲು ನೆಟ್ಟಗಿರಬೇಕು. ನೋವು ಕಡಿಮೆ ಅನ್ನಿಸುವ ಮಡಚಿದ ಭಂಗಿಯಲ್ಲೇ ಚರ್ಮ ಬಿಗಿಯುತ್ತದೆ. ದಿನಕ್ಕೆ ನಾಲ್ಕು ಸಲ ವ್ಯಾಯಾಮ, ಕೊಬ್ಬರಿ ಎಣ್ಣೆ ತಿಕ್ಕುವುದು. ಆ ಎಣ್ಣೆಯ ಸಮಯ ಇದು, ಮೊದಲ ದಿನ ಅಲ್ಲ. ಮೊಟ್ಟೆ, ಹಾಲು, ಬೇಳೆ ಮಾಮೂಲಿಗಿಂತ ಹೆಚ್ಚು ತಿನ್ನಬೇಕು. ಪಥ್ಯ ಅಂತ ಗಂಜಿಗೆ ಇಳಿಸುವ ಅಭ್ಯಾಸ ಈ ಸೀಮೆಯಲ್ಲಿ ಬಹಳ ಇದೆ, ಅದನ್ನು ನಿಲ್ಲಿಸು. ಬಾರದವರ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸು.

ಕಿರಿಯರು: ಮೊದಲು ಎಲ್ಲಿಂದ ಹಿಡಿಯಲಿ ಸರ್?

ಹಿರಿಯರು: ನಾಳೆಯೇ ಸ್ಟೋರ್ ತೆಗೆಸಿ ಆರ್‌ಎಲ್ ಬಾಟಲಿ ಎಣಿಸು, 20ಕ್ಕಿಂತ ಕಡಿಮೆ ಇದ್ದರೆ ಇಂಡೆಂಟ್ ಹಾಕು. ಆಮೇಲೆ ಜೀಪು ತೆಗೆದುಕೊಂಡು ಆಲೆಮನೆ ಹಾಕುವ ಮನೆಗಳಿಗೆ ಒಂದು ಸುತ್ತು ಹೋಗು. ಕೊಪ್ಪರಿಗೆಯ ಪಕ್ಕ, ಅಡಿಕೆ ಬೇಯಿಸುವ ಹಂಡೆಯ ಪಕ್ಕ, ಒಂದು ಡ್ರಮ್ ತಣ್ಣೀರು ಮತ್ತು ಒಂದು ಚೊಂಬು ಇಡಲು ಹೇಳು. ಕಬ್ಬಿನ ಹಾಲು ಕುದಿಯುವ ಹೊತ್ತಿಗೆ ಮಕ್ಕಳನ್ನು ಒಲೆಯಿಂದ ದೂರ ಇಡಲು ಹೇಳು. ಸುಟ್ಟರೆ ಏನೂ ಬಳಿಯದೆ 20 ನಿಮಿಷ ನೀರು ಹೊಯ್ದು ಸೀದಾ ನಿನ್ನಲ್ಲಿಗೆ ಬರಲು ಹೇಳು, ನಿನ್ನ ಫೋನ್ ನಂಬರ್ ಗೋಡೆಯ ಮೇಲೆ ಬರೆಸಿ ಬಾ. ಆಲೆ ತಿರುಗುವ ಮೊದಲೇ ಇದಾಗಬೇಕು.